ಗೋವಾಕ್ಕೆ ಹೊರಟ ಕೈಗಳು, ಬೆಳಗಾವಿಯ ಲೆಕ್ಕ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕೈಗಾರಿಕಾ ಪ್ರದೇಶಗಳಲ್ಲಿ ಇಂದು ಸಣ್ಣ ಉದ್ಯಮಿಗಳು ಸೇರಿದಲ್ಲೆಲ್ಲ ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಜನ ಸಿಗುತ್ತಿಲ್ಲ. ಫೌಂಡ್ರಿಯಲ್ಲಿ ಮೋಲ್ಡಿಂಗ್‌ಗೆ ಬಂದ ಹುಡುಗ ಆರು ತಿಂಗಳು ಕಳೆಯುವುದರೊಳಗೆ ಹೇಳದೆ ಕೇಳದೆ ಹೋಗುತ್ತಾನೆ; ಲೇಥ್ ಮುಂದೆ ನಿಲ್ಲಿಸಿ ಕೆಲಸ ಕಲಿಸಿದವನು ದೀಪಾವಳಿಗೆ ಊರಿಗೆ ಹೋದರೆ ಮರಳುವುದಿಲ್ಲ. ಇದೇ ಹೊತ್ತಿನಲ್ಲಿ, ಇಲ್ಲಿಂದ ಒಂದೆರಡು ತಾಸಿನ ದಾರಿಯ ಖಾನಾಪುರ ತಾಲೂಕಿನ ಬೀಡಿ, ಕಕ್ಕೇರಿ, ನಂದಗಡ, ಇಟಗಿ, ಪಾರಿಶ್ವಾಡ ಮೊದಲಾದ ಊರುಗಳಿಂದ ಯುವಕರು ಚೀಲ ಹೆಗಲಿಗೇರಿಸಿ ಗೋವಾದ ಬಸ್ಸು ಹತ್ತುತ್ತಿದ್ದಾರೆ. ಬೆಳಗಾವಿಯನ್ನು ಬಿಟ್ಟು ಘಟ್ಟ ಇಳಿಯುವ ಈ ಯುವಕರು ದುಡಿಯಲು ಹಿಂಜರಿಯುವವರಲ್ಲ. ಹಾಗಾದರೆ ಅವರು ಉದ್ಯಮಬಾಗದ ಗೇಟಿನ ಮುಂದೆ ಏಕೆ ನಿಲ್ಲುತ್ತಿಲ್ಲ?

"ಗೋವಾದಲ್ಲಿ ಪಗಾರ ಜಾಸ್ತಿ" ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ. ಕಾರಣವನ್ನು ತಪ್ಪಾಗಿ ತಿಳಿದರೆ ಪರಿಹಾರವೂ ತಪ್ಪುತ್ತದೆ. ಆದುದರಿಂದ ಗೋವಾದ ಉದ್ಯೋಗ ಮಾರುಕಟ್ಟೆಯ ಸ್ವರೂಪವನ್ನೂ ಅದರಲ್ಲಾಗುತ್ತಿರುವ ಬದಲಾವಣೆಗಳನ್ನೂ ಬೆಳಗಾವಿಯ ವ್ಯಾಪಾರಿಗಳು ಹಾಗೂ ಸಣ್ಣ ಉತ್ಪಾದಕರು ತಮ್ಮ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡೇ ಪರಿಶೀಲಿಸುವುದು ಅಗತ್ಯವಾಗಿದೆ.

ಕಡಲತೀರದ ಪೇಟೆ

ಗೋವಾ ಹೆಸರಿಗೆ ರಾಜ್ಯ. 1961ರ ಡಿಸೆಂಬರ್ 19ರಂದು ಪೋರ್ಚುಗೀಸರಿಂದ ಬಿಡುಗಡೆ ಹೊಂದಿ, 1987ರ ಮೇ 30ರಂದು ಪೂರ್ಣ ರಾಜ್ಯದ ಸ್ಥಾನ ಪಡೆಯಿತು. ಆದರೆ ಉದ್ಯೋಗದ ದೃಷ್ಟಿಯಿಂದ ಮಾಪುಸಾ, ಪಣಜಿ, ವಾಸ್ಕೋ, ಮಡಗಾಂವಗಳು ಒಂದಕ್ಕೊಂದು ಹೊಂದಿಕೊಂಡಿರುವ ಒಂದೇ ದೊಡ್ಡ ಕರಾವಳಿ ನಗರದಂತೆ ವರ್ತಿಸುತ್ತವೆ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 14,58,545, ಅದರಲ್ಲಿ ಶೇ. 62ರಷ್ಟು ಜನ ಪಟ್ಟಣವಾಸಿಗಳು. ಈ ಹದಿನಾಲ್ಕೂವರೆ ಲಕ್ಷ ಜನರಿರುವ ನಾಡಿಗೆ 2024ರಲ್ಲಿ ಬಂದ ಪ್ರವಾಸಿಗರ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ಅಷ್ಟು ಜನರಿಗೆ ಅಡುಗೆ ಮಾಡಲು, ಹಾಸಿಗೆ ಹಾಸಲು, ಪಾತ್ರೆ ತೊಳೆಯಲು, ವಾಹನ ಓಡಿಸಲು, ಅವರು ಉಳಿಯುವ ಕಟ್ಟಡಗಳನ್ನು ಕಟ್ಟಲು ಸ್ಥಳೀಯರ ಕೈ ಸಾಲದೆಂಬುದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವಿರುವುದು ಬೇರೆ ಕಡೆ. ಕೇಂದ್ರ ಸರಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಇಡೀ ದೇಶದ ನಿರುದ್ಯೋಗ ಪ್ರಮಾಣ ಶೇ. 3.2 ಇದ್ದಾಗ ಗೋವಾದಲ್ಲಿ ಅದು ಶೇ. 8.5ರಷ್ಟಿತ್ತು. ಒಂದು ಕಡೆ ನಿರುದ್ಯೋಗ, ಇನ್ನೊಂದು ಕಡೆ ಹೊರರಾಜ್ಯಗಳ ಕಾರ್ಮಿಕರ ಪ್ರವಾಹ. ಇವೆರಡೂ ಒಟ್ಟಿಗೆ ನಡೆಯುವುದಕ್ಕೆ ಕಾರಣ ಸ್ಪಷ್ಟ. ಓದಿದ ಸ್ಥಳೀಯ ಯುವಕ ಸರಕಾರಿ ನೌಕರಿಗಾಗಿಯೋ ವಿದೇಶದ ಅವಕಾಶಕ್ಕಾಗಿಯೋ ಕಾಯುತ್ತಾನೆ. ಕಾಯುವ ಶಕ್ತಿ ಅವನ ಮನೆಗಿದೆ. ಹಂಗಾಮು ಮುಗಿದೊಡನೆ ಮುಗಿಯುವ ಕೆಲಸ ಅವನಿಗೆ ಬೇಡ. ಆ ಕೆಲಸ ಕಾಯಲಾಗದವನ ಪಾಲಿಗೆ ಉಳಿಯುತ್ತದೆ. ಕಾಯಲಾಗದವನು ಜಾರ್ಖಂಡ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ, ನೇಪಾಳಗಳಿಂದ ಬರುತ್ತಾನೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬರುತ್ತಾನೆ. ಎಲ್ಲರಿಗಿಂತ ಹತ್ತಿರದಿಂದ, ಚೋರ್ಲಾ ಮತ್ತು ಅನಮೋಡ ಘಟ್ಟಗಳ ಈಚೆಗಿನ ಖಾನಾಪುರದಿಂದಲೂ ಬರುತ್ತಾನೆ.

ಕನ್ನಡಿಗರ ಪಾಲಿಗೆ ಈ ಪೇಟೆ ಹೊಸದೇನಲ್ಲ. ಗೌಂಡಿ ಕೆಲಸ, ಹಮಾಲಿ, ರಸ್ತೆ ಕೆಲಸ, ಮೀನುಗಾರಿಕೆ, ಕಡಲತೀರದಲ್ಲಿ ಬಟ್ಟೆ-ಮಣಿಸರ ಮಾರುವುದು ಇತ್ಯಾದಿಗಳಲ್ಲಿ ಉತ್ತರ ಕರ್ನಾಟಕದವರು ದಶಕಗಳಿಂದ ತೊಡಗಿದ್ದಾರೆ. ಅವರಿಗೆ ಅಲ್ಲಿ ಭದ್ರವಾದ ನೆಲೆ ದೊರೆತಿದೆಯೇ ಎಂಬುದು ಬೇರೆಯೇ ಪ್ರಶ್ನೆ. 2004ರಲ್ಲಿಯೂ 2015ರಲ್ಲಿಯೂ ವಾಸ್ಕೋದ ಬೈನಾ ಕಡಲತೀರದಲ್ಲಿ ನಡೆದ ತೆರವು ಕಾರ್ಯಾಚರಣೆಗಳಲ್ಲಿ ಮನೆ ಕಳೆದುಕೊಂಡವರಲ್ಲಿ ಕನ್ನಡಿಗರು ಬಹಳ ಮಂದಿ ಇದ್ದರೆಂಬುದು ಇದಕ್ಕೆ ಸಾಕ್ಷಿ.

ಬದಲಾದ ಪ್ರವಾಸಿ, ಬದಲಾದ ಕೆಲಸ

ಕಳೆದ ಹದಿನೈದು ವರ್ಷಗಳಲ್ಲಿ ಗೋವಾದ ಉದ್ಯೋಗ ಮಾರುಕಟ್ಟೆ ಮೂರು ದೊಡ್ಡ ಪೆಟ್ಟುಗಳನ್ನೂ ಒಂದು ದೊಡ್ಡ ತಿರುವನ್ನೂ ಕಂಡಿದೆ. ಮೊದಲನೆಯ ಪೆಟ್ಟು 2012ರಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು. 2015ರಲ್ಲಿ ಅದು ಪುನಃ ಆರಂಭವಾಯಿತಾದರೂ 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 88 ಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಿದ ಮೇಲೆ ಮತ್ತೊಮ್ಮೆ ನಿಂತಿತು. ಇದು ಎರಡನೆಯ ಪೆಟ್ಟು. ಟಿಪ್ಪರು, ಬಾರ್ಜುಗಳನ್ನು ನಂಬಿದ್ದ ಕುಟುಂಬಗಳಿಗೆ ಪ್ರವಾಸೋದ್ಯಮವೇ ಮುಖ್ಯ ಆಸರೆಯಾಗಿ ಉಳಿಯಿತು. 2022ರ ಡಿಸೆಂಬರ್‌ನಿಂದ ಗಣಿ ಗುತ್ತಿಗೆಗಳ ಹರಾಜು ಆರಂಭವಾಗಿದ್ದರೂ ಹಿಂದಿನ ಉದ್ಯೋಗ ಪ್ರಮಾಣ ಮರಳಿಲ್ಲ. ಮೂರನೆಯದು 2020ರ ಮಾರ್ಚ್‌ನ ಲಾಕ್‌ಡೌನ್. 2019ರಲ್ಲಿ 80 ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ 2020ರಲ್ಲಿ ಸುಮಾರು 30 ಲಕ್ಷಕ್ಕೆ ಕುಸಿಯಿತು. ಒಂದೇ ಉದ್ಯಮವನ್ನು ನೆಚ್ಚಿದ ಪೇಟೆ ಎಷ್ಟು ಬೇಗ ಬರಿದಾಗಬಲ್ಲದೆಂಬುದನ್ನು ಖಾನಾಪುರದ ಹಳ್ಳಿಗಳು ಆ ಬೇಸಿಗೆಯಲ್ಲಿ ತಮ್ಮ ಕಣ್ಣಾರೆ ಕಂಡವು.

ತಿರುವು ಇದಕ್ಕಿಂತ ಸೂಕ್ಷ್ಮವಾದುದು. 2019ರಲ್ಲಿ ಗೋವಾಕ್ಕೆ ಬಂದ ವಿದೇಶಿಯರು 9.37 ಲಕ್ಷ, 2024ರಲ್ಲಿ 4.67 ಲಕ್ಷ, ಅಂದರೆ ಅರ್ಧಕ್ಕಿಳಿಯಿತು. ಅದೇ ಅವಧಿಯಲ್ಲಿ ದೇಶೀಯ ಪ್ರವಾಸಿಗರು 71 ಲಕ್ಷದಿಂದ 99 ಲಕ್ಷಕ್ಕೆ ಏರಿದರು. ವಿದೇಶಿ ಪ್ರವಾಸಿ ಚಾರ್ಟರ್ ವಿಮಾನದಲ್ಲಿ ಬಂದು ಎರಡು ವಾರ ಒಂದೇ ಕಡೆ ತಂಗುತ್ತಿದ್ದ. ಅವನ ಬರವು ಮೊದಲೇ ಗೊತ್ತಿರುತ್ತಿದ್ದುದರಿಂದ ಹೋಟೆಲಿನವರು ಹಂಗಾಮಿನುದ್ದಕ್ಕೂ ಕಾಯಂ ಸಿಬ್ಬಂದಿಯನ್ನು ಇಟ್ಟುಕೊಳ್ಳುತ್ತಿದ್ದರು. ದೇಶೀಯ ಪ್ರವಾಸಿ ಬೆಂಗಳೂರು, ಪುಣೆ, ಹುಬ್ಬಳ್ಳಿಗಳಿಂದ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕಚೇರಿಗೆ ಹಾಜರಾಗುತ್ತಾನೆ. ಆದ್ದರಿಂದ ಕೆಲಸವೂ ವಾರದ ಕೊನೆಗೆ ಉಕ್ಕಿ, ವಾರದ ನಡುವೆ ಇಳಿಯುತ್ತದೆ. ಮಾಲೀಕನಿಗೆ ಬೇಕಾದುದು ಕರೆದಾಗ ಬರುವ, ಬೇಡವೆಂದಾಗ ಹೋಗುವ ಕೈಗಳು. ಗುತ್ತಿಗೆದಾರರ ಮೂಲಕ ನೇಮಕ, ದಿನದ ಲೆಕ್ಕದ ಸಂಬಳ, ಆ್ಯಪ್ ಮೂಲಕ ವಾಹನ ಮತ್ತು ಆಹಾರ ಸರಬರಾಜು ಇವೆಲ್ಲ ಈ ತಿರುವಿನ ಫಲಗಳು.

2023ರ ಜನವರಿ 5ರಂದು ಮೋಪಾದ ಮನೋಹರ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ವಿಮಾನ ಸಂಚಾರ ಆರಂಭವಾದಂದಿನಿಂದ ಹೊಸ ಕೆಲಸಗಳು ಉತ್ತರದ ಪೆಡ್ನೆ ತಾಲೂಕಿನತ್ತ ಸರಿಯುತ್ತಿವೆ. ಬಂಗಲೆ, ವಸತಿ ಸಮುಚ್ಚಯಗಳ ನಿರ್ಮಾಣವೂ ಅತ್ತಲೇ ಭರದಿಂದ ಸಾಗಿದೆ. ಅಂದರೆ ಗೋವಾದ ಬೇಡಿಕೆ ಸದ್ಯಕ್ಕೆ ಕುಗ್ಗುವ ಲಕ್ಷಣವಿಲ್ಲ. ಆದರೆ ಅದು ಹೆಚ್ಚಾಗಿ ಬೆಳೆಯುತ್ತಿರುವುದು ಭದ್ರತೆಯಿಲ್ಲದ ಕೆಲಸಗಳಲ್ಲಿ. ಸ್ವಾಗತ ಕಟ್ಟೆ, ಅಡುಗೆಮನೆಯ ಮುಖ್ಯಸ್ಥಾನ, ಲೆಕ್ಕಪತ್ರ ವಿಭಾಗಗಳು ಹೋಟೆಲ್ ನಿರ್ವಹಣೆ ಓದಿದವರ ಪಾಲಾದರೆ, ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಬೀಡಿಯ ಹುಡುಗ ಹತ್ತು ವರ್ಷಗಳ ನಂತರವೂ ಬಹುಮಟ್ಟಿಗೆ ಹೋದಾಗಿನ ಮೆಟ್ಟಿಲಲ್ಲಿಯೇ ನಿಂತಿರುತ್ತಾನೆ.

ಎರಡು ಪಂಚಾಂಗಗಳ ಹೊಂದಾಣಿಕೆ

ಇಷ್ಟಿದ್ದರೂ ಅವನು ಅಲ್ಲಿಗೇ ಹೋಗುತ್ತಾನೆ. ಇದರ ಮೊದಲ ಕಾರಣವನ್ನು ಖಾನಾಪುರದ ಮಳೆಯಲ್ಲಿ ಹುಡುಕಬೇಕು. ಈ ತಾಲೂಕು ಭತ್ತದ ನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಬಿತ್ತನೆ, ನಾಟಿ, ಕಳೆಗೆ ಎಲ್ಲರ ಕೈ ಬೇಕು. ಗೋವಾದಲ್ಲಿಯೂ ಅದೇ ನಾಲ್ಕು ತಿಂಗಳು ಹಂಗಾಮು ಇಳಿಮುಖ. ಕಡಲತೀರದ ಶ್ಯಾಕ್‌ಗಳನ್ನು, ಅಂದರೆ ತಾತ್ಕಾಲಿಕ ಉಪಾಹಾರ ಗೃಹಗಳನ್ನು, ಮಳೆಗೆ ಮುನ್ನವೇ ಬಿಚ್ಚಿಡುತ್ತಾರೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಕಟ್ಟಡ ಕೆಲಸ ನಿಧಾನವಾಗುತ್ತದೆ. ಸುಗ್ಗಿಯ ಹೊತ್ತಿಗೆ ಅಲ್ಲಿ ಪ್ರವಾಸಿಗರ ಹಂಗಾಮು ಮತ್ತೆ ಏರುತ್ತದೆ. ಕಣದ ಕೆಲಸ ಮುಗಿಸಿ ಹೊರಟವನಿಗೂ ಕ್ರಿಸ್‌ಮಸ್ಸಿನ ಗದ್ದಲಕ್ಕೆ ಮುನ್ನ ಕೆಲಸ ಸಿಗುತ್ತದೆ. ಹೀಗೆ ಹೊಲದ ಪಂಚಾಂಗವೂ ಹೋಟೆಲಿನ ಪಂಚಾಂಗವೂ ಒಂದಕ್ಕೊಂದು ಕೀಲಿನಂತೆ ಕೂಡುತ್ತವೆ.

ಬೆಳಗಾವಿಯ ಫೌಂಡ್ರಿಗೆ ಇಂಥ ಹೊಂದಾಣಿಕೆಯಿಲ್ಲ. ಪಂಪು, ವಾಲ್ವು, ವಾಹನಗಳ ಬಿಡಿಭಾಗಗಳ ಆರ್ಡರು ಮಳೆ ನೋಡಿ ಬರುವುದಿಲ್ಲ. ನಾಟಿಯ ವಾರದಲ್ಲಿ ರಜೆ ಕೇಳಿದ ಕೆಲಸಗಾರನಿಗೆ "ಬೇಕಾದರೆ ಇರು, ಇಲ್ಲವಾದರೆ ಹೋಗು" ಎಂಬ ಉತ್ತರ ಸಿಕ್ಕರೆ ಅವನು ಹೋಗುತ್ತಾನೆ. ಹೋದವನು ಮುಂದಿನ ತಿಂಗಳು ಅದೇ ಗೇಟಿಗೆ ಬಂದು ನಿಲ್ಲುವುದಕ್ಕೆ ನಾಚುತ್ತಾನೆ. ಗೋವಾದ ಮಾಲೀಕನಿಗೆ ಒಂದು ಫೋನ್ ಮಾಡುವುದು ಅವನಿಗೆ ಸುಲಭವೆನಿಸುತ್ತದೆ.

ಒಂದು ಜಮಾ-ಖರ್ಚು

ಎರಡನೆಯ ಕಾರಣ ಅಂಕಿಗಳಲ್ಲಿದೆ. ಕೆಳಗಿನ ಸಂಖ್ಯೆಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡವು ಮಾತ್ರ; ಪ್ರತಿಯೊಬ್ಬ ಉದ್ಯಮಿಯೂ ಜಾರಿಯಲ್ಲಿರುವ ಕನಿಷ್ಠ ವೇತನದ ಅಧಿಸೂಚನೆಯನ್ನು ನೋಡಿ ತನ್ನ ಘಟಕದ ಸಂಖ್ಯೆಗಳನ್ನು ಹಾಕಿಕೊಳ್ಳಬೇಕು.

ಗೋವಾದ ಹೋಟೆಲೊಂದರಲ್ಲಿ ತಿಂಗಳಿಗೆ ರೂ. 16,000 ಸಂಬಳ, ಊಟ-ವಸತಿ ಮಾಲೀಕನದೇ ಎಂದಿಟ್ಟುಕೊಳ್ಳೋಣ. ಎಂಟು ತಿಂಗಳಿಗೆ ಯುವಕನ ಕೈಗೆ ಬರುವುದು ರೂ. 1,28,000. ಉಳಿದ ನಾಲ್ಕು ತಿಂಗಳು ಅವನು ಮನೆಯ ಹೊಲದಲ್ಲಿರುತ್ತಾನೆ.

ಉದ್ಯಮಬಾಗದ ಘಟಕವೊಂದರಲ್ಲಿ ತಿಂಗಳಿಗೆ ರೂ. 15,000ದಂತೆ ಹನ್ನೆರಡು ತಿಂಗಳಿಗೆ ರೂ. 1,80,000. ಅದರಲ್ಲಿ ಭವಿಷ್ಯ ನಿಧಿಗೆ ಶೇ. 12ರಂತೆ ರೂ. 21,600, ಇ.ಎಸ್.ಐ.ಗೆ ಶೇ. 0.75ರಂತೆ ರೂ. 1,350 ಕಡಿತ. ಖೋಲಿ ಬಾಡಿಗೆ, ಖಾನಾವಳಿ ಊಟ ಸೇರಿ ತಿಂಗಳಿಗೆ ರೂ. 6,000 ಎಂದರೆ ವರ್ಷಕ್ಕೆ ರೂ. 72,000. ಕೈಯಲ್ಲಿ ಉಳಿಯುವುದು ರೂ. 85,050. ಅಂದರೆ ಎಂಟು ತಿಂಗಳ ದುಡಿಮೆಗೆ ಅಲ್ಲಿ ರೂ. 1,28,000; ಹನ್ನೆರಡು ತಿಂಗಳ ದುಡಿಮೆಗೆ ಇಲ್ಲಿ ರೂ. 85,050. ಈ ಲೆಕ್ಕವನ್ನು ಯುವಕ ಕಾಗದದ ಮೇಲೆ ಬರೆಯದಿರಬಹುದು. ಆದರೆ ಬಸ್ಸು ಹತ್ತುವ ಮುನ್ನ ಮನಸ್ಸಿನಲ್ಲಿ ಹಾಕಿರುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಎರಡೂ ಕಡೆಯ ಮಾಸಿಕ ಸಂಬಳದಲ್ಲಿ ಇರುವ ಅಂತರ ಒಂದೇ ಸಾವಿರ ರೂಪಾಯಿ. ದೊಡ್ಡ ಅಂತರ ಹುಟ್ಟುವುದು ಊಟ ಮತ್ತು ಸೂರಿನಲ್ಲಿ. ಗೋವಾದ ಮಾಲೀಕ ಗೆಲ್ಲುತ್ತಿರುವುದು ಒಂದು ಹಾಸಿಗೆ ಮತ್ತು ಎರಡು ಹೊತ್ತಿನ ಊಟದಿಂದ. ಬೆಳಗಾವಿಯ ಮಾಲೀಕ ಸಂಬಳವನ್ನು ಒಂದು ಸಾವಿರ ಏರಿಸಿದರೂ ಈ ಅಂತರ ತುಂಬುವುದಿಲ್ಲ. ಆ ಸಾವಿರ ಮನೆ ಬಾಡಿಗೆಯ ಜೇಬಿಗೆ ಹೋಗುತ್ತದೆ.

ಈಗ ಲೆಕ್ಕವನ್ನು ಸ್ವಲ್ಪ ಬದಲಿಸಿ ನೋಡಬಹುದು. ಮಾಲೀಕರು ಸಾಮೂಹಿಕ ವಸತಿ ಮತ್ತು ಊಟದ ವ್ಯವಸ್ಥೆ ಮಾಡಿ, ಕೆಲಸಗಾರನಿಂದ ತಿಂಗಳಿಗೆ ರೂ. 2,400 ಮಾತ್ರ ಪಡೆದರೆ ಅವನ ವಾರ್ಷಿಕ ಖರ್ಚು ರೂ. 28,800ಕ್ಕೆ ಇಳಿಯುತ್ತದೆ. ಆಗ ಅವನ ಕೈಯಲ್ಲಿ ಉಳಿಯುವುದು ರೂ. 1,28,250. ಗೋವಾದ ಮೊತ್ತಕ್ಕೆ ಇದು ಸರಿಸಮ. ಇದರ ಮೇಲೆ ಮಾಲೀಕನ ವಂತಿಗೆ ಸೇರಿ ಭವಿಷ್ಯ ನಿಧಿ ಹಾಗೂ ಪಿಂಚಣಿಯ ಲೆಕ್ಕಕ್ಕೆ ವರ್ಷಕ್ಕೆ ರೂ. 43,200 ಜಮೆಯಾಗುತ್ತದೆ, ಕಾಯಿಲೆ ಬಿದ್ದರೆ ಇ.ಎಸ್.ಐ. ಚಿಕಿತ್ಸೆ ದೊರೆಯುತ್ತದೆ, ಕೈಗೊಂದು ಕಸಬು ಹತ್ತುತ್ತದೆ. ಅಷ್ಟಾದ ಮೇಲೆ ಬೀಡಿಯ ತಂದೆ-ತಾಯಿ ಮಗನನ್ನು ಘಟ್ಟದ ಕೆಳಗೆ ಕಳಿಸುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಪುಸ್ತಕದಲ್ಲಿ ಕಾಣದ ಖರ್ಚು

ಗೋವಾದ ಲೆಕ್ಕದಲ್ಲಿ ಬರೆಯದೆ ಬಿಟ್ಟ ಖರ್ಚೂ ಇದೆ. 2025ರ ಡಿಸೆಂಬರ್ 6ರ ಮಧ್ಯರಾತ್ರಿ ಉತ್ತರ ಗೋವಾದ ಅರ್ಪೋರಾದಲ್ಲಿ ರಾತ್ರಿ ಕ್ಲಬ್ಬೊಂದಕ್ಕೆ ಬೆಂಕಿ ಬಿದ್ದು 25 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಜನ ಪ್ರವಾಸಿಗರಲ್ಲ, ಅಲ್ಲಿ ದುಡಿಯುತ್ತಿದ್ದ ಸಿಬ್ಬಂದಿ. ದೂರದೂರದ ರಾಜ್ಯಗಳಿಂದ ಅನ್ನ ಅರಸಿ ಬಂದವರು. ನೇಮಕಪತ್ರವಿಲ್ಲದೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಕೆಲಸ ಮಾಡುವವನಿಗೆ ಅಪಘಾತವಾದರೆ, ಅವನು ಅಲ್ಲಿ ಕೆಲಸಕ್ಕಿದ್ದನೆಂಬುದನ್ನೇ ಮನೆಯವರು ಸಾಬೀತುಪಡಿಸಬೇಕಾಗುತ್ತದೆ.

ಆದರೆ ಈ ಮಾತನ್ನು ಗೋವಾದತ್ತ ಬೆರಳು ತೋರಿಸಿ ಆಡಿದರಷ್ಟೇ ಸಾಲದು. ಬೆಳಗಾವಿಯ ಸಣ್ಣ ಘಟಕಗಳಲ್ಲಿ ಎಲ್ಲರ ಹೆಸರೂ ಪುಸ್ತಕದಲ್ಲಿದೆಯೇ? ಭವಿಷ್ಯ ನಿಧಿಯ ಮಿತಿಯಾದ 20 ಜನರನ್ನು ದಾಟಬಾರದೆಂದು 19ಕ್ಕೆ ನಿಲ್ಲಿಸುವ, ಇ.ಎಸ್.ಐ. ಮಿತಿಯಾದ 10 ದಾಟಬಾರದೆಂದು 9ಕ್ಕೆ ನಿಲ್ಲಿಸುವ, ಉಳಿದವರಿಗೆ ಲಕೋಟೆಯಲ್ಲಿ ನಗದು ಕೊಡುವ ಅಭ್ಯಾಸ ಯಾರಿಗೂ ಅಪರಿಚಿತವಲ್ಲ. ಹೆಸರಿಲ್ಲದ ಕೆಲಸವನ್ನೇ ಮಾಡಬೇಕಾದರೆ ಊಟ-ವಸತಿ ಸಿಗುವ ಕಡೆ ಮಾಡುವುದೇ ಜಾಣತನವೆಂದು ಯುವಕ ತೀರ್ಮಾನಿಸಿದರೆ ಅವನನ್ನು ದೂರುವಂತಿಲ್ಲ. ಬೆಳಗಾವಿಯ ಕೈಯಲ್ಲಿರುವ ಏಕೈಕ ತುರುಪು ಭದ್ರತೆ. ಆ ತುರುಪನ್ನು ಬಚ್ಚಿಟ್ಟುಕೊಂಡು ಆಟ ಗೆಲ್ಲಲಾಗದು.

ಕಾನೂನು ಮತ್ತು ತೆರಿಗೆಯ ಆಸರೆ

ಅದೃಷ್ಟವಶಾತ್ ಈ ಭದ್ರತೆಯ ವೆಚ್ಚವನ್ನು ಪೂರ್ತಿಯಾಗಿ ಉದ್ಯಮಿಯೇ ಹೊರಬೇಕಾದ ಪರಿಸ್ಥಿತಿ ಇಂದು ಇಲ್ಲ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಭವಿಷ್ಯ ನಿಧಿಯ ವೇತನ ರೂ. 10,000ಕ್ಕಿಂತ ಹೆಚ್ಚು, ರೂ. 20,000ದ ಒಳಗೆ ಇರುವ ಪ್ರತಿ ಹೆಚ್ಚುವರಿ ಕೆಲಸಗಾರನಿಗೆ ಮಾಲೀಕನಿಗೆ ತಿಂಗಳಿಗೆ ರೂ. 2,000 ಪ್ರೋತ್ಸಾಹಧನ ದೊರೆಯುತ್ತದೆ. ಸಾಮಾನ್ಯವಾಗಿ ಇದರ ಅವಧಿ ಎರಡು ವರ್ಷ. ಉತ್ಪಾದನಾ ಘಟಕಗಳಿಗೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನರಿರುವ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ನೇಮಿಸಿ, ಕನಿಷ್ಠ ಆರು ತಿಂಗಳು ಉಳಿಸಿಕೊಳ್ಳಬೇಕು. ಮೊದಲ ಬಾರಿಗೆ ಭವಿಷ್ಯ ನಿಧಿಗೆ ಸೇರುವ ಕೆಲಸಗಾರನಿಗೂ ಒಂದು ತಿಂಗಳ ವೇತನದಷ್ಟು, ಗರಿಷ್ಠ ರೂ. 15,000, ಎರಡು ಕಂತುಗಳಲ್ಲಿ ಸಿಗುತ್ತದೆ.

ರೂ. 15,000 ವೇತನಕ್ಕೆ ಮಾಲೀಕನ ವಂತಿಗೆ ರೂ. 1,800, ಆಡಳಿತ ಶುಲ್ಕ ಮತ್ತು ವಿಮಾ ವಂತಿಗೆಯ ಶೇ. 1 ಸೇರಿದರೆ ರೂ. 1,950. ಪ್ರೋತ್ಸಾಹಧನ ರೂ. 2,000. ಅಂದರೆ ಹೆಚ್ಚುವರಿ ಕೆಲಸಗಾರನ ಭವಿಷ್ಯ ನಿಧಿಯ ಹೊರೆ ನಾಲ್ಕು ವರ್ಷ ಕಾಲ ಉತ್ಪಾದಕನ ಮೇಲೆ ಬೀಳುವುದೇ ಇಲ್ಲ. "ಪಿ.ಎಫ್. ಹಾಕಿದರೆ ಪಡತಳ ಬೀಳುವುದಿಲ್ಲ" ಎಂಬ ಹಳೆಯ ವಾದಕ್ಕೆ ಹೊಸ ನೇಮಕಗಳ ಮಟ್ಟಿಗೆ ಈಗ ಆಧಾರವಿಲ್ಲ.

ಆದಾಯ ತೆರಿಗೆಯಲ್ಲಿಯೂ ಸೌಲಭ್ಯವಿದೆ. 1961ರ ಕಾಯಿದೆಯ 80ಜೆಜೆಎಎ ಕಲಮಿನಲ್ಲಿದ್ದು, 2025ರ ಹೊಸ ಕಾಯಿದೆಯಲ್ಲಿಯೂ ಮುಂದುವರಿದಿರುವ ಈ ರಿಯಾಯಿತಿಯಂತೆ, ಲೆಕ್ಕ ತಪಾಸಣೆಗೆ ಒಳಪಡುವ ಉದ್ಯಮಿಯು ಹೆಚ್ಚುವರಿ ಕೆಲಸಗಾರರ ವೇತನದ ಶೇ. 30ರಷ್ಟನ್ನು ಮೂರು ವರ್ಷ ಕಾಲ ತನ್ನ ಆದಾಯದಿಂದ ಕಳೆಯಬಹುದು. ಷರತ್ತುಗಳು ಸರಳ: ಮಾಸಿಕ ವೇತನ ರೂ. 25,000 ಮೀರಬಾರದು, ಕೆಲಸಗಾರ ಭವಿಷ್ಯ ನಿಧಿಯ ಸದಸ್ಯನಾಗಿರಬೇಕು, ವೇತನ ಬ್ಯಾಂಕಿನ ಮೂಲಕ ಪಾವತಿಯಾಗಬೇಕು, ಸಾಮಾನ್ಯವಾಗಿ ವರ್ಷದಲ್ಲಿ 240 ದಿನ ಅವನು ಕೆಲಸದಲ್ಲಿರಬೇಕು. ರೂ. 1,80,000 ವಾರ್ಷಿಕ ವೇತನಕ್ಕೆ ರೂ. 54,000 ಕಳೆಯಬಹುದಾಗಿದ್ದು, ಶೇ. 25ರ ತೆರಿಗೆ ದರದಲ್ಲಿ ವರ್ಷಕ್ಕೆ ರೂ. 13,500 ಉಳಿತಾಯ. ಏಳು ತಿಂಗಳಿಗೆ ಬಿಟ್ಟುಹೋಗುವ ಕೆಲಸಗಾರ 210 ದಿನಕ್ಕೆ ನಿಲ್ಲುತ್ತಾನೆ. ಅವನೊಡನೆ ಈ ರಿಯಾಯಿತಿಯೂ ಗೋವಾದ ಬಸ್ಸು ಹತ್ತುತ್ತದೆ.

ಇದಲ್ಲದೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾನೂನುಗಳ ಸ್ಥಾನವನ್ನು ಪಡೆದಿವೆ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಪತ್ರ ಕೊಡಬೇಕು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ತಾನಾಗಿಯೇ ಬೇರೆ ರಾಜ್ಯಕ್ಕೆ ಹೋಗಿ ಕೆಲಸಕ್ಕೆ ಸೇರಿದವನೂ ಅಂತರರಾಜ್ಯ ವಲಸೆ ಕಾರ್ಮಿಕನ ವ್ಯಾಖ್ಯೆಯೊಳಗೆ ಬರುತ್ತಾನೆ. ಈ ನಿಯಮಗಳು ಗೋವಾದ ಮಾಲೀಕನಿಗೂ ಅನ್ವಯ. ಅಲ್ಲಿನ ದೊಡ್ಡ ಹೋಟೆಲುಗಳು ಊಟ-ವಸತಿಯ ಜೊತೆಗೆ ಭದ್ರತೆಯನ್ನೂ ಕೊಡತೊಡಗಿದರೆ ಬೆಳಗಾವಿಯ ಈಗಿನ ಮೇಲುಗೈ ಕರಗಿಹೋಗುತ್ತದೆ. ಆದ್ದರಿಂದ ಕಾದು ನೋಡುವ ನೀತಿ ಇಲ್ಲಿ ಲಾಭದಾಯಕವಲ್ಲ.

ಮಾಡಬೇಕಾದುದು

ಮೊದಲನೆಯದಾಗಿ, ಕೈಗಾರಿಕಾ ಪ್ರದೇಶಗಳಲ್ಲಿ ಸಾಮೂಹಿಕ ವಸತಿ. ಹದಿನೈದು ಜನರಿರುವ ಒಂದು ಘಟಕಕ್ಕೆ ಸ್ವಂತ ವಸತಿಗೃಹ ಕಟ್ಟುವ ಶಕ್ತಿಯಿಲ್ಲ. ಆದರೆ ಹತ್ತು ಘಟಕಗಳು ಕೂಡಿದರೆ ಖಾಲಿ ಬಿದ್ದಿರುವ ಒಂದು ಶೆಡ್ಡನ್ನೋ ಬಾಡಿಗೆ ಕಟ್ಟಡವನ್ನೋ ವಾಸಯೋಗ್ಯವಾಗಿ ಮಾಡಿ, ಒಂದು ಖಾನಾವಳಿಯನ್ನು ನಡೆಸಬಹುದು. ಮೇಲಿನ ಉದಾಹರಣೆಯಲ್ಲಿ ಮಾಲೀಕನ ಪಾಲು ತಿಂಗಳಿಗೆ ತಲೆಗೆ ರೂ. 3,600. ಕೆಲಸ ಕಲಿತವನು ಬಿಟ್ಟುಹೋದಾಗ ಹಾಳಾಗುವ ಎರಕ, ನಿಲ್ಲುವ ಯಂತ್ರ, ತಪ್ಪುವ ಆರ್ಡರುಗಳ ನಷ್ಟದ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ಪ್ರತಿಯೊಬ್ಬರೂ ತೂಗಿ ನೋಡಬೇಕು. ಸಂಘಟನೆಯ ಹೊಣೆಯನ್ನು ವಾಣಿಜ್ಯ ಸಂಸ್ಥೆಗಳು ವಹಿಸಿಕೊಳ್ಳುವುದು ಸೂಕ್ತ.

ಎರಡನೆಯದಾಗಿ, ಹೊಲದ ಪಂಚಾಂಗಕ್ಕೆ ಗೌರವ. ಯಂತ್ರಗಳ ವಾರ್ಷಿಕ ದುರಸ್ತಿಯನ್ನು ನಾಟಿಯ ದಿನಗಳಿಗೆ ಹೊಂದಿಸಿ, ಖಾನಾಪುರದ ಕಡೆಯವರಿಗೆ ಸರದಿಯಂತೆ ಎರಡು ವಾರ ಗಳಿಕೆ ರಜೆ ಕೊಟ್ಟರೆ ಯಾರ ಗಂಟೂ ಹೋಗದು. ರಜೆ ಮುಗಿಸಿ ಬಂದವನ ಜಾಗ ಖಾಲಿ ಇರುತ್ತದೆಂಬ ಭರವಸೆಯೇ ಅವನನ್ನು ಮರಳಿ ಕರೆತರುತ್ತದೆ.

ಮೂರನೆಯದಾಗಿ, ಮಹಿಳೆಯರು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್. ಬಿಡಿಭಾಗಗಳ ತಪಾಸಣೆ, ಜೋಡಣೆ, ಪ್ಯಾಕಿಂಗ್ ಕೆಲಸಗಳಿಗೆ ತಾಲೂಕಿನ ಓದಿದ ಹೆಣ್ಣುಮಕ್ಕಳು ಬರಬಲ್ಲರು. ಪಾಳಿಯ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿ, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಯನ್ನು ಒದಗಿಸುವುದಷ್ಟೇ ಉದ್ಯಮಿಯ ಪಾಲಿನ ಕೆಲಸ.

ನಾಲ್ಕನೆಯದಾಗಿ, ಕೆಲಸವನ್ನೇ ಹಳ್ಳಿಯತ್ತ ಒಯ್ಯುವುದು. ಖಾನಾಪುರ ಹಂಚು ಮತ್ತು ಕುಂಬಾರಿಕೆಗೆ ಹೆಸರಾದ ಊರು; ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲಿದೆ. ಅಲ್ಲಿಯ ಕೈಗಳಿಗೆ ಕಸಬು ಹೊಸದಲ್ಲ. ಫೆಟ್ಲಿಂಗ್, ಡ್ರಿಲ್ಲಿಂಗ್, ಚಿಕ್ಕ ಯಂತ್ರಕೆಲಸಗಳನ್ನು ನಂದಗಡ, ಬೀಡಿಗಳಲ್ಲಿ ಜಾಬ್‌ವರ್ಕ್ ಮೂಲಕ ಮಾಡಿಸಿದರೆ ವಸತಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ವ್ಯಾಪಾರಿ ಬಾಂಧವರಿಗೂ ಇದರಲ್ಲಿ ಪಾಲಿದೆ. ಗೋವಾದ ಅಡುಗೆಮನೆಗಳಿಗೆ ತರಕಾರಿ ಬೆಳಗಾವಿಯಿಂದಲೇ ಹೋಗುತ್ತದೆ. ಅಲ್ಲಿನ ತೋಟಗಾರಿಕಾ ನಿಗಮವೂ ಇಲ್ಲಿನ ಪೇಟೆಯನ್ನು ಆಶ್ರಯಿಸಿದೆ. ಆದ್ದರಿಂದ ಗೋವಾ ಬೆಳೆಯುವುದು ಬೆಳಗಾವಿಗೆ ನಷ್ಟವಲ್ಲ. ಆದರೆ ತರಕಾರಿ ಕಳಿಸಿದರೆ ಹಣ ಮರಳುತ್ತದೆ. ಯುವಕರನ್ನು ಕಳಿಸಿದರೆ ಎಂಟು ತಿಂಗಳ ಅವರ ಕಿರಾಣಿ, ಬಟ್ಟೆ, ಮೊಬೈಲು, ಮೋಟಾರ್ ಸೈಕಲ್‌ಗಳ ಖರೀದಿಯ ಬಹುಪಾಲು ಅಲ್ಲಿಯೇ ಆಗುತ್ತದೆ. ವರ್ಷವಿಡೀ ಸಂಬಳ ಬರುವ ಮನೆ ಉದ್ರಿಯನ್ನು ತಿಂಗಳಿಗೊಮ್ಮೆ ತೀರಿಸುತ್ತದೆ. ಹಂಗಾಮಿನ ಮನೆ ವರ್ಷಕ್ಕೊಮ್ಮೆ ತೀರಿಸುತ್ತದೆ, 2020ರಂಥ ವರ್ಷ ಬಂದರೆ ತೀರಿಸುವುದೇ ಇಲ್ಲ. ಖಾನಾಪುರ, ನಂದಗಡದ ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋವಾಕ್ಕೆ ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ; ತಡೆಯಬೇಕಾದ ಅಗತ್ಯವೂ ಇಲ್ಲ. ಹೋಗುವುದೋ ಉಳಿಯುವುದೋ ಎಂಬ ಆಯ್ಕೆಯನ್ನು ಅವರ ಮುಂದಿಡುವುದಷ್ಟೇ ಬೇಕಾದುದು. ಗೋವಾದ ಗುತ್ತಿಗೆದಾರ ಮುಂಗಡ ಹಣ ಹಿಡಿದು ಹಳ್ಳಿಗೆ ಬರುವುದು ಹಂಗಾಮಿಗೆ ಮುನ್ನ. ಬೆಳಗಾವಿಯ ಉದ್ಯಮಿ ನೇಮಕಪತ್ರ, ವಸತಿಯ ವಿವರ, ರಜೆಯ ನಿಯಮಗಳನ್ನು ಹಿಡಿದು ಅವನಿಗಿಂತ ಮೊದಲು ಅಲ್ಲಿಗೆ ತಲುಪಬೇಕು. ಯುವಕರೆಲ್ಲ ಊರಿನಲ್ಲಿರುವ ಗಣೇಶ ಚೌತಿಯ ದಿನಗಳು ಅದಕ್ಕೆ ಸರಿಯಾದ ಕಾಲ.